ನಾಲ್ಕು ಗೋಲಿನ ಮರುದಿನ

2023ರ ಡಿಸೆಂಬರ್ 8ರ ಶುಕ್ರವಾರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡವು ನಮ್ಮ ಬೆಂಗಳೂರು ಎಫ್‌ಸಿಯನ್ನು 4–0 ಗೋಲುಗಳಿಂದ ಸೋಲಿಸಿತು. ನಾನು ವೆಸ್ಟ್ ಬ್ಲಾಕ್‌ನಲ್ಲಿ, ಎಂದಿನ ಜಾಗದಲ್ಲೇ ಇದ್ದೆ. ಮೂರನೇ ಗೋಲು ಬಿದ್ದ ಮೇಲೆ ನನ್ನ ಮುಂದಿನ ಸಾಲಿನಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ ಎರಡೂ ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಅವನ ಪಕ್ಕದಲ್ಲಿದ್ದವರು ಹಾಡನ್ನು ಮತ್ತೆ ಎತ್ತಿಕೊಳ್ಳಲು ಎರಡು ಸಲ ಪ್ರಯತ್ನಿಸಿದರು. ಎರಡು ಸಲವೂ ಅದು ಮೊದಲ ಸಾಲಿಗೇ ನಿಂತುಹೋಯಿತು. ಗ್ಯಾಲರಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಕಂಠೀರವದಲ್ಲಿ ಆಟಗಾರರ ಮುಖ ಅಷ್ಟಾಗಿ ಕಾಣುವುದಿಲ್ಲ. ಆದರೆ ಹತ್ತು ವರ್ಷ ನೋಡಿದ ಕಣ್ಣಿಗೆ ಭುಜಗಳು ಇಳಿದಿರುವುದು ಎಷ್ಟು ದೂರದಿಂದಲಾದರೂ ತಿಳಿಯುತ್ತದೆ.

ಪಂದ್ಯ ಮುಗಿದು ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ಕಡೆಗೆ ನಡೆಯುವಾಗ ನನ್ನ ಜೊತೆ ಗೆಳತಿಯ ತಂದೆ ಇದ್ದರು. ಅವರು ಗೌತಮಪುರದವರು. ಈ ಊರಿನ ಫುಟ್‌ಬಾಲ್ ಗೌತಮಪುರ, ಹಲಸೂರು ಮತ್ತು ಆಸ್ಟಿನ್ ಟೌನ್‌ಗಳ ಮಣ್ಣಿನ ಮೈದಾನಗಳಲ್ಲೇ ಬದುಕಿದ್ದ ಕಾಲದಲ್ಲಿ ಕಾರ್ಖಾನೆಯೊಂದರ ತಂಡಕ್ಕೆ ಹಿಂಬದಿಯಲ್ಲಿ ಆಡಿದವರು. ಕೋಚ್ ಸೈಮನ್ ಗ್ರೇಸನ್ ಇನ್ನು ಒಂದು ದಿನವೂ ಈ ತಂಡದಲ್ಲಿ ಇರಬಾರದು ಎಂದು ನಾನು ಸಿಟ್ಟಿನಿಂದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಡೆದು, “ಅವರು ಹೋಗ್ಲಿ ಬಿಡಮ್ಮ, ಅದು ಸರಿ. ಆದ್ರೆ ಈ ಟೀಮ್ ಕಟ್ಟಿದ್ದು ಯಾರು? ಅದನ್ನ ಯಾರ ಹತ್ರ ಕೇಳೋಣ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಗ್ರೇಸನ್ ತಂಡದಿಂದ ಹೊರಟರೆಂಬ ಸುದ್ದಿ ಬಂತು. ನಾನು ಕೇಳಿದ್ದೇ ಆಗಿತ್ತು. ಆದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ, ಮತ್ತು ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಗ್ರೇಸನ್ ಯಾರೆಂಬುದನ್ನು ಮೊದಲು ನ್ಯಾಯವಾಗಿ ಹೇಳಬೇಕು. 2022ರ ಜೂನ್‌ನಲ್ಲಿ ಅವರು ಬೆಂಗಳೂರಿಗೆ ಬಂದಾಗ, ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗಿನಿಂದ ಬ್ಲ್ಯಾಕ್‌ಪೂಲ್, ಲೀಡ್ಸ್, ಹಡರ್ಸ್‌ಫೀಲ್ಡ್ ಮತ್ತು ಪ್ರೆಸ್ಟನ್ ಎಂಬ ನಾಲ್ಕು ತಂಡಗಳನ್ನು ಮೇಲಿನ ದರ್ಜೆಗೆ ಏರಿಸಿದ ಅನುಭವ ಅವರ ಬೆನ್ನಿಗಿತ್ತು. ಮೂರನೇ ದರ್ಜೆಯಲ್ಲಿದ್ದ ಲೀಡ್ಸ್ 2010ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅದರದೇ ಓಲ್ಡ್ ಟ್ರಾಫರ್ಡ್‌ನಲ್ಲಿ ಎಫ್‌ಎ ಕಪ್‌ನಿಂದ ಹೊರಹಾಕಿದಾಗ ಆ ತಂಡದ ಮ್ಯಾನೇಜರ್ ಇವರೇ. ಇಲ್ಲಿಗೆ ಬಂದ ಮೂರೇ ತಿಂಗಳಲ್ಲಿ, ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ಇದೇ ಮುಂಬೈ ತಂಡವನ್ನು 2–1ರಿಂದ ಮಣಿಸಿ ನಮಗೆ ಮೊದಲ ಡುರಾಂಡ್ ಕಪ್ ಗೆಲ್ಲಿಸಿಕೊಟ್ಟರು. 2019ರಲ್ಲಿ ದೇಶದ ಅಗ್ರ ಫುಟ್‌ಬಾಲ್ ಲೀಗಾದ ಐಎಸ್‌ಎಲ್ ಗೆದ್ದ ಮೇಲೆ ನಮ್ಮ ಕೈಗೆ ಸಿಕ್ಕ ಮೊದಲ ಟ್ರೋಫಿ ಅದು.

ಆ ಋತುವಿನ ಲೀಗ್ ಆರಂಭ ಚೆನ್ನಾಗಿರಲಿಲ್ಲ. ಗ್ರೇಸನ್ ಆಗ ತೆಗೆದುಕೊಂಡ ನಿರ್ಧಾರ ಎಂಥ ಧೈರ್ಯದ್ದೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ: ಅವರು ಆಗ ಭಾರತ ತಂಡದ ನಾಯಕರೂ ಆಗಿದ್ದ ಸುನಿಲ್ ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದರು. ಮುಂದೆ ರಾಯ್ ಕೃಷ್ಣ ಮತ್ತು ಶಿವಶಕ್ತಿ ಓಡಿ ಓಡಿ ಎದುರಾಳಿ ಡಿಫೆಂಡರ್‌ಗಳನ್ನು ದಣಿಸಬೇಕು, ಕೊನೆಯ ಇಪ್ಪತ್ತು ನಿಮಿಷಕ್ಕೆ ಚೆಟ್ರಿ ಇಳಿದು ಪಂದ್ಯ ಮುಗಿಸಬೇಕು. ಈ ಲೆಕ್ಕಾಚಾರ ಫಲಿಸಿತು. ಲೀಗ್ ಹಂತದ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದೆವು. ಕೇರಳ ಬ್ಲಾಸ್ಟರ್ಸ್ ವಿರುದ್ಧದ ಪ್ಲೇಆಫ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ ಚೆಟ್ರಿ, ಎದುರಾಳಿಗಳು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಫ್ರೀಕಿಕ್ ಒದ್ದು ಗೋಲು ಹೊಡೆದದ್ದು, ಅದನ್ನು ಒಪ್ಪದ ಕೇರಳದ ಕೋಚ್ ತಮ್ಮ ಆಟಗಾರರನ್ನೆಲ್ಲ ಮೈದಾನದಿಂದ ಹೊರಗೆ ಕರೆದುಕೊಂಡು ಹೋದದ್ದು ದೇಶವೆಲ್ಲ ನೋಡಿದ ಸಂಗತಿ. ಸೆಮಿಫೈನಲ್‌ನಲ್ಲಿ ಮುಂಬೈಯನ್ನು ಶೂಟೌಟ್‌ನಲ್ಲಿ 9–8ರಿಂದ ದಾಟಿದೆವು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ನಡೆದ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್‌ಗೆ ಮತ್ತೆ ಶೂಟೌಟ್‌ನಲ್ಲೇ ಸೋತೆವು. ಮುಂದಿನ ತಿಂಗಳು ಕೋಯಿಕ್ಕೋಡ್‌ನಲ್ಲಿ ಸೂಪರ್ ಕಪ್ ಫೈನಲ್ ಆಡಿ ಒಡಿಶಾಗೆ ಸೋತೆವು. ಹೀಗೆ ಒಂದೇ ಋತುವಿನಲ್ಲಿ ಮೂರು ಟೂರ್ನಿಗಳ ಫೈನಲ್ ತಲುಪಿಸಿದ ಮನುಷ್ಯ ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು.

ನಡುವೆ ಆದದ್ದೇನು? ನನ್ನ ಮಟ್ಟಿಗೆ ಇಡೀ ವಿಷಯ ಇರುವುದು ಆ ಬೇಸಿಗೆ ಮತ್ತು ಮಳೆಗಾಲದಲ್ಲಿ. ಗ್ರೇಸನ್‌ರ ತಂಡ ಮೂವರು ಡಿಫೆಂಡರ್‌ಗಳನ್ನು ಹಿಂದೆ ನಿಲ್ಲಿಸಿ, ಎರಡೂ ಅಂಚುಗಳಲ್ಲಿ ಇಡೀ ಉದ್ದಕ್ಕೆ ಓಡುವ ವಿಂಗ್‌ಬ್ಯಾಕ್‌ಗಳನ್ನು ನಂಬಿ ಆಡುತ್ತಿತ್ತು. ಇಂಥ ಆಟದಲ್ಲಿ ಪ್ರತಿಯೊಬ್ಬನ ಕೆಲಸವೂ ಪಕ್ಕದವನ ಕೆಲಸಕ್ಕೆ ಕಟ್ಟಿಕೊಂಡಿರುತ್ತದೆ. ವಿಂಗ್‌ಬ್ಯಾಕ್ ಮುಂದೆ ಹೋದಾಗ ಅವನ ಹಿಂದೆ ತೆರೆದುಕೊಳ್ಳುವ ಜಾಗಕ್ಕೆ ಅಂಚಿನ ಡಿಫೆಂಡರ್ ಸರಿಯಬೇಕು. ಅವನು ಸರಿದಾಗ ನಡುವಿನ ಡಿಫೆಂಡರ್ ಎಲ್ಲರಿಗೂ ಕೇಳುವಂತೆ ಕೂಗಿ ಸಾಲನ್ನು ಸರಿಪಡಿಸಬೇಕು. ಅವರಿಬ್ಬರ ಮುಂದೆ ಒಬ್ಬ ಮಿಡ್‌ಫೀಲ್ಡರ್ ಬಾಗಿಲು ಕಾಯುವವನಂತೆ ನಿಂತಿರಬೇಕು. 2023ರಲ್ಲಿ ಸಂದೇಶ್ ಝಿಂಗನ್ ಗೋವಾಕ್ಕೆ ಹೋದರು. ಬ್ರೆಜಿಲ್‌ನ ಡಿಫೆಂಡರ್ ಅಲನ್ ಕೋಸ್ಟಾ ಹೋದರು. ಬಲ ಅಂಚಿನ ಪ್ರಬೀರ್ ದಾಸ್ ಕೇರಳ ಸೇರಿದರು. ಬಾಗಿಲು ಕಾಯುತ್ತಿದ್ದ ಬ್ರೂನೊ ರಾಮಿರೆಸ್ ಹೋದರು. ಎದುರಾಳಿಗಳನ್ನು ದಣಿಸುತ್ತಿದ್ದ ರಾಯ್ ಕೃಷ್ಣ ಒಡಿಶಾ ಪಾಲಾದರು. 2014ರಿಂದ ನಮ್ಮೊಂದಿಗಿದ್ದ ಉದಾಂತ ಸಿಂಗ್ ಕೂಡ ಗೋವಾದ ದಾರಿ ಹಿಡಿದರು; ಆ ಸುದ್ದಿ ಓದಿದ ದಿನ ನನಗಾದ ಬೇಸರ, ಆಟದ ಲೆಕ್ಕಕ್ಕೆ ಸೇರದ ಬೇರೆಯೇ ಬಗೆಯದು.

ಬಂದವರು ಇರಲಿಲ್ಲವೆಂದಲ್ಲ. ಕರ್ಟಿಸ್ ಮೇನ್, ರಯಾನ್ ವಿಲಿಯಮ್ಸ್, ಸ್ಲಾವ್ಕೊ ದಮ್ಯಾನೊವಿಚ್, ಕೆಜಾಯಾ ವೀಂಡೋರ್ಪ್, ಜೆಸೆಲ್ ಕಾರ್ನೆರೊ, ಹಾಲಿಚರಣ್ ನರ್ಜರಿ ಬಂದರು. ಅವರಲ್ಲಿ ಕೆಟ್ಟ ಆಟಗಾರರೆಂದು ನಾನು ಯಾರನ್ನೂ ಬೆರಳು ಮಾಡಿ ತೋರಿಸಲಾರೆ. ವಿಲಿಯಮ್ಸ್ ಅಂತೂ ನನ್ನ ಅಚ್ಚುಮೆಚ್ಚಿನವರಾದರು. ಆದರೆ ಇಷ್ಟು ಮಂದಿ ಒಟ್ಟಿಗೆ ಹೋಗಿ ಇಷ್ಟು ಮಂದಿ ಒಟ್ಟಿಗೆ ಬಂದಾಗ, ಪಕ್ಕದವನು ಯಾವಾಗ ಎಲ್ಲಿಗೆ ಸರಿಯುತ್ತಾನೆಂದು ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಕಲಿಯಲು ತಿಂಗಳುಗಳು ಬೇಕು. ಈ ಬದಲಾವಣೆಗಳಲ್ಲಿ ಗ್ರೇಸನ್‌ರ ಮಾತು ಎಷ್ಟು ನಡೆಯಿತೋ ಹೊರಗಿನವರಾದ ನಮಗೆ ಕಾಣಿಸುವಂತಿರಲಿಲ್ಲ. ಯಾವ ಆಟಗಾರ ಉಳಿಯಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ನಮ್ಮ ಲೀಗಿನಲ್ಲಿ ಕೋಚ್ ಒಬ್ಬರೇ ಕುಳಿತು ತೀರ್ಮಾನಿಸುವುದಿಲ್ಲ ಎಂಬುದಂತೂ ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗಿದ್ದ ಮೇಲೆ ಒಬ್ಬರನ್ನು ಮಾತ್ರ ಹೊರಗೆ ಕಳಿಸಿ ಲೆಕ್ಕ ಚುಕ್ತಾ ಮಾಡಿದ್ದನ್ನು ನಾನು ಒಪ್ಪುವುದು ಹೇಗೆ?

ಸೆಪ್ಟೆಂಬರ್‌ನಲ್ಲಿ ಲೀಗ್ ಆರಂಭವಾದಾಗ ಚೆಟ್ರಿ ಏಷ್ಯನ್ ಗೇಮ್ಸ್‌ಗಾಗಿ ಭಾರತ ತಂಡದೊಂದಿಗೆ ಹಾಂಗ್‌ಝೌನಲ್ಲಿದ್ದರು. ಅವರಿಲ್ಲದೆ ಕೊಚ್ಚಿಯಲ್ಲಿ ಸೋತೆವು, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್‌ಗೆ ಸೋತೆವು. ಅಕ್ಟೋಬರ್ 4ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 2–1ರಿಂದ ಗೆದ್ದೆವು. ಗೋಲಿಗೆ ಬೆನ್ನು ಮಾಡಿ ನಿಂತಿದ್ದ ಹಾವಿ ಹೆರ್ನಾಂಡೆಸ್ ಗಾಳಿಯಲ್ಲಿ ಮಲಗಿ ಒದ್ದ ಆ ಗೋಲನ್ನು ನೋಡಿದವರು ಮರೆಯಲಾರರು. ಅಲ್ಲಿಂದ ಮುಂದೆ ಗೆಲುವೇ ಇಲ್ಲ. ಒಂಬತ್ತು ಪಂದ್ಯಗಳಲ್ಲಿ ಒಂದು ಗೆಲುವು, ನಾಲ್ಕು ಡ್ರಾ, ನಾಲ್ಕು ಸೋಲು. ಅದೇ ವರ್ಷ ಐಎಸ್‌ಎಲ್‌ಗೆ ಕಾಲಿಟ್ಟ ಪಂಜಾಬ್ ತಂಡಕ್ಕೆ ನಮ್ಮದೇ ಅಂಗಣದಲ್ಲಿ ಮೂರು ಗೋಲು ಬಿಟ್ಟುಕೊಟ್ಟೆವು. ಎಂಟು ದಿನಗಳ ನಂತರ ಮುಂಬೈ ಬಂತು.

ಗ್ರೇಸನ್‌ರ ತಪ್ಪುಗಳನ್ನು ನಾನು ಮುಚ್ಚಿಡುವುದಿಲ್ಲ. ಬಿಟ್ಟುಹೋದ ಆಟಗಾರರಿಗಾಗಿ ಹೊಲಿದ ಅಂಗಿಯನ್ನು ಹೊಸಬರಿಗೆ ತೊಡಿಸಲು ಅವರು ಬಹಳ ದಿನ ಹಟ ಹಿಡಿದರೆಂದೇ ನನಗೆ ಈಗಲೂ ಅನ್ನಿಸುತ್ತದೆ. ನಡುಮೈದಾನದಲ್ಲಿ ಸುರೇಶ್ ವಾಂಗ್‌ಜಮ್ ಒಬ್ಬರೇ ಇಬ್ಬರ ಕೆಲಸ ಮಾಡುತ್ತ ಬಳಲುತ್ತಿದ್ದುದು ನಮಗೆ ಗ್ಯಾಲರಿಯಿಂದಲೇ ಕಾಣುತ್ತಿತ್ತು. ಅದಕ್ಕೆ ಪರಿಹಾರ ಬೇಗ ಬರಲಿಲ್ಲ. ಹಿಂದಿನ ವರ್ಷ ಚೆಟ್ರಿಯನ್ನೇ ಬೆಂಚಿಗೆ ಕಳಿಸುವಷ್ಟು ಗಟ್ಟಿಯಾಗಿದ್ದ ಮನುಷ್ಯ ಈ ವರ್ಷ ಪ್ರತಿ ಪಂದ್ಯದಲ್ಲೂ ಏನಾದರೊಂದನ್ನು ತಡವಾಗಿ ಮಾಡುತ್ತಿದ್ದರು. ಆ ರಾತ್ರಿ ಅವರು ಹೋಗಬೇಕೆಂದು ನಾನು ಹೇಳಿದ್ದು ಬರೀ ಸಿಟ್ಟಿನ ಮಾತಾಗಿರಲಿಲ್ಲ. ಕೋಚ್ ಹೋದದ್ದು ತಪ್ಪೆಂದು ಇಂದಿಗೂ ನಾನು ವಾದಿಸುವುದಿಲ್ಲ. ಅವರು ಹೋದ ಕೂಡಲೇ ಉಳಿದ ಪ್ರಶ್ನೆಗಳೆಲ್ಲ ಅವರ ಪೆಟ್ಟಿಗೆಯಲ್ಲೇ ತುಂಬಿಕೊಂಡು ವಿಮಾನ ಹತ್ತಿದವು ಎಂಬುದೇ ನನ್ನ ದುಃಖ.

ಇಂಥದನ್ನು ನಾವು ಮೊದಲೊಮ್ಮೆ ಕಂಡಿದ್ದೆವು. 2021ರ ಜನವರಿ 5ರಂದು, ಕೋವಿಡ್ ಕಾರಣದಿಂದ ಇಡೀ ಲೀಗ್ ಗೋವಾದಲ್ಲೇ ನಡೆಯುತ್ತಿದ್ದಾಗ, ಖಾಲಿ ಕ್ರೀಡಾಂಗಣದಲ್ಲಿ ನಾವು ಮುಂಬೈಗೆ 3–1ರಿಂದ ಸೋತೆವು. ಅದು ಸತತ ಮೂರನೇ ಸೋಲು. ಮರುದಿನವೇ ಅಂದಿನ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೊರನಡೆದರು. ಹಿಂದಿನ ಕೋಚ್ ಆಲ್ಬರ್ಟ್ ರೋಕಾ ಅವರಿಗೆ ಸಹಾಯಕರಾಗಿ ಬಂದು, ಮುಖ್ಯ ಕೋಚ್ ಆದ ಮೊದಲ ವರ್ಷವೇ ನಮಗೆ ಐಎಸ್‌ಎಲ್ ಗೆಲ್ಲಿಸಿಕೊಟ್ಟವರು ಅವರು. 2019ರ ಮಾರ್ಚ್‌ನ ಆ ಫೈನಲ್‌ನಲ್ಲಿ ಹೆಚ್ಚುವರಿ ಸಮಯ ಮುಗಿಯಲು ಮೂರು ನಿಮಿಷವಿದ್ದಾಗ ರಾಹುಲ್ ಭೆಕೆ ತಲೆಯಿಂದ ಹೊಡೆದ ಗೋಲನ್ನು ನೆನೆದರೆ ನನಗೆ ಈಗಲೂ ಗಂಟಲು ತುಂಬಿ ಬರುತ್ತದೆ. ಕ್ವಾಡ್ರಾಟ್‌ರನ್ನು ಬೀಳ್ಕೊಡಲು ಗ್ಯಾಲರಿಯಲ್ಲಿ ಒಬ್ಬ ಅಭಿಮಾನಿಯೂ ಇರಲಿಲ್ಲ, ಇರಲು ಅವಕಾಶವೂ ಇರಲಿಲ್ಲ. ಅವರು ಹೋದ ಮೇಲೆ ತಂಡ ಮೇಲೇಳಲಿಲ್ಲ. ಆ ವರ್ಷ ಏಳನೇ ಸ್ಥಾನ, ಮುಂದಿನ ವರ್ಷ ಆರನೇ ಸ್ಥಾನ. ಇತ್ತ ಕ್ವಾಡ್ರಾಟ್ 2024ರ ಜನವರಿಯಲ್ಲಿ, ಅಂದರೆ ಗ್ರೇಸನ್ ಹೋದ ಒಂದೂವರೆ ತಿಂಗಳಿಗೆ, ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆಲ್ಲಿಸಿದರು. ಹನ್ನೆರಡು ವರ್ಷಗಳ ಬಳಿಕ ಆ ದೊಡ್ಡ ಕ್ಲಬ್ಬಿಗೆ ಸಿಕ್ಕ ರಾಷ್ಟ್ರಮಟ್ಟದ ಟ್ರೋಫಿ ಅದು. ಆ ರಾತ್ರಿ ಟಿವಿಯ ಮುಂದೆ ಕುಳಿತು ನಾನು ಅವರಿಗಾಗಿ ಸಂತೋಷಪಟ್ಟೆ. ನಮ್ಮ ತಂಡಕ್ಕಾಗಿ ಕಳವಳಪಟ್ಟೆ.

ಗ್ರೇಸನ್‌ರ ಜಾಗಕ್ಕೆ ಬಂದ ಜೆರಾರ್ಡ್ ಸರಗೋಸಾ ನಮಗೆ ಹೊಸಬರಲ್ಲ. ಕ್ವಾಡ್ರಾಟ್‌ರ ಕಾಲದಲ್ಲಿ ಸಹಾಯಕ ಕೋಚ್ ಆಗಿದ್ದವರು. ಕೋಚ್ ಬದಲಾದರೆ ಎಲ್ಲ ಸರಿಹೋಗುತ್ತದೆ ಎನ್ನುವ ನಂಬಿಕೆ ಅವರ ಮೊದಲ ತಿಂಗಳುಗಳಲ್ಲೇ ಪರೀಕ್ಷೆಗೆ ಒಳಗಾಯಿತು. ಹನ್ನೆರಡು ತಂಡಗಳ ಲೀಗಿನಲ್ಲಿ ನಾವು 10ನೇ ಸ್ಥಾನದಲ್ಲಿ ಮುಗಿಸಿದೆವು. ತಂಡದ ಕೊರತೆ ಕೋಚ್ ಒಬ್ಬರಲ್ಲೇ ಇದ್ದಿದ್ದರೆ ಹಾಗಾಗಬಾರದಿತ್ತು.

ಆಮೇಲೆ ನಡೆದದ್ದು ನನ್ನ ಮಾತಿಗೆ ಇನ್ನೂ ದೊಡ್ಡ ಸಾಕ್ಷಿ. 10ನೇ ಸ್ಥಾನಕ್ಕೆ ಇಳಿದ ಸರಗೋಸಾರನ್ನು ಆ ಬೇಸಿಗೆಯಲ್ಲಿ ಯಾರೂ ಕಳಿಸಲಿಲ್ಲ, ಮತ್ತು ಅದು ಸರಿಯಾದ ನಿರ್ಧಾರವಾಗಿತ್ತು. ರಾಹುಲ್ ಭೆಕೆ ಮರಳಿ ಮನೆಗೆ ಬಂದರು. ಮುಂಬೈಯಲ್ಲಿ ನಮ್ಮನ್ನು ಕಾಡಿದ್ದ ಆಲ್ಬರ್ಟೊ ನೊಗೆರಾ ಮತ್ತು ಹೋರ್ಹೆ ಪೆರೇರಾ ಡಿಯಾಸ್ ಬಂದರು. ಎಡ್ಗರ್ ಮೆಂಡೆಸ್, ಪೆದ್ರೊ ಕಾಪೊ ಬಂದರು. ವಿನೀತ್ ವೆಂಕಟೇಶ್‌ನಂಥ ಎಳೆಯ ಹುಡುಗನಿಗೆ ಮೊದಲ ಪಂದ್ಯದಲ್ಲೇ ಅವಕಾಶ ಸಿಕ್ಕಿತು, ಮತ್ತು ಅವನು ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ. ಕೋಚ್ ಅವರೇ, ಅಂಗಣ ಅದೇ. ಬದಲಾದದ್ದು ಕೈಗೆ ಸಿಕ್ಕ ಆಟಗಾರರು ಮತ್ತು ಅವರನ್ನು ಒಟ್ಟಿಗೆ ಅಣಿಗೊಳಿಸಲು ಸಿಕ್ಕ ಕಾಲ. ಲೀಗಿನಲ್ಲಿ ಮೂರನೇ ಸ್ಥಾನ ಬಂತು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಫೈನಲ್ ಆಡಿದೆವು. ಮೋಹನ್ ಬಾಗಾನ್‌ಗೆ ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತೆವು. ಗ್ರೇಸನ್‌ಗೆ ಇಂಥ ಒಂದು ಬೇಸಿಗೆ ಸಿಕ್ಕಿದ್ದರೆ ಎಂದು ಅಂದು ನಾನು ಯೋಚಿಸದೆ ಇರಲಾಗಲಿಲ್ಲ.

ಅಭಿಮಾನಿಗಳಾದ ನಾವು ಕ್ಲಬ್ಬಿನಿಂದ ಗುಟ್ಟುಗಳನ್ನು ಕೇಳುತ್ತಿಲ್ಲ. ಒಬ್ಬ ಕೋಚ್‌ನನ್ನು ಕಳಿಸುವಾಗ, ಆ ಋತುವಿನ ತಂಡವನ್ನು ಯಾವ ಯೋಚನೆಯಿಂದ ಕಟ್ಟಲಾಗಿತ್ತು, ಆ ಯೋಚನೆ ಎಲ್ಲಿ ತಪ್ಪಿತು, ಅದನ್ನು ಯಾರು ಸರಿಪಡಿಸುತ್ತಿದ್ದಾರೆ ಎಂಬ ಮೂರು ಮಾತುಗಳನ್ನು ಟಿಕೆಟ್ ಕೊಂಡು ಬರುವವರ ಮುಂದೆ ಇಡಬೇಕೆಂಬುದಷ್ಟೇ ನನ್ನ ಬೇಡಿಕೆ. ಯಾವ ಕ್ಲಬ್ಬೇ ಆಗಲಿ, ಧನ್ಯವಾದ ಹೇಳುವ ನಾಲ್ಕು ಸಾಲಿನ ಪ್ರಕಟಣೆಯಲ್ಲಿ ಇದಾವುದೂ ಸಿಗುವುದಿಲ್ಲ.

ಆ ಫೈನಲ್‌ಗೆ ಎರಡು ವಾರ ಮೊದಲು, ಮಾರ್ಚ್ 29ರಂದು, ಪ್ಲೇಆಫ್ ಪಂದ್ಯಕ್ಕೆ ಮುಂಬೈ ತಂಡ ಮತ್ತೆ ಕಂಠೀರವಕ್ಕೆ ಬಂದಿತ್ತು. ನಾವು 5–0ರಿಂದ ಗೆದ್ದೆವು. ಗೆಳತಿಯ ತಂದೆ ಅಂದೂ ಜೊತೆಗಿದ್ದರು. ಮಂಡಿ ನೋವಿನಿಂದ ಮೆಟ್ಟಿಲು ಇಳಿಯಲು ತಡವಾಗುತ್ತಿತ್ತು, ಆದ್ದರಿಂದ ಜನ ಕರಗುವವರೆಗೂ ಕುಳಿತೇ ಇದ್ದೆವು. ಡ್ರಮ್ಮಿನ ಹುಡುಗ ಇನ್ನೂ ಬಾರಿಸುತ್ತಿದ್ದ. “ನಾಲ್ಕು ಗೋಲು ತಿಂದ ದಿನ ಕೇಳಿದ್ನಲ್ಲ, ಟೀಮ್ ಕಟ್ಟಿದ್ದು ಯಾರು ಅಂತ,” ಎಂದರು ಅವರು, ಹುಲ್ಲಿನ ಕಡೆಗೇ ನೋಡುತ್ತ. “ಇವತ್ತೂ ಕೇಳ್ಬೇಕಮ್ಮ. ಗೆದ್ದಾಗ್ಲೂ ಅವರ ಹೆಸರು ನಮಗೆ ಗೊತ್ತಿರ್ಬೇಕು.”