ಕರಲು ಮಣ್ಣಿನ ಮಾಳಿಗೆ

ಮಧುಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ಸೋದರಮಾವನ ಮನೆ ಒಂಬತ್ತು ಅಂಕಣದ (ಕಂಬಗಳ ನಡುವಿನ ಒಂದೊಂದು ಭಾಗ ಒಂದು ಅಂಕಣ) ಮಣ್ಣಿನ ಮಾಳಿಗೆ, ಅಂದರೆ ಸಮತಟ್ಟಾದ ಮಣ್ಣಿನ ಚಾವಣಿಯ ಮನೆ. ಮುಂಗಾರಿಗೆ ಮುಂಚೆ ಅದರ ಮೇಲೆ ಕರಲು, ಅಂದರೆ ಉಪ್ಪುಮಣ್ಣು, ಹಾಕುವುದು ವರ್ಷವರ್ಷದ ಕೆಲಸ. ಈ ಸಲ ಆಳು ಸಿಗಲಿಲ್ಲ. "ನೀನೇ ಬಂದ್ಬಿಡಪ್ಪ" ಅಂತ ಮಾವ ಫೋನ್ ಮಾಡಿದರು.

ಕೆರೆ ಅಂಚಿನಲ್ಲಿ ಬೆಳ್ಳಗೆ ಉಪ್ಪೊಡೆದ ನೆಲದ ಮಣ್ಣು ಮನೆ ಮುಂದೆ ಗುಡ್ಡೆ ಬಿದ್ದಿತ್ತು. ಮಂಕರಿಗೆ ತುಂಬಿ ತುಂಬಿ ಏಣಿ ಹತ್ತಿಸಿದೆವು.

"ಬೇರೆ ಮಣ್ಣು ಆಗಲ್ವಾ ಮಾವ?"

"ಕರಲಲ್ಲಿ ಹುಲ್ಲು ಸುಲಭಕ್ಕೆ ಹುಟ್ಟಲ್ಲ ಕಣಪ್ಪ. ಮಾಳಿಗೆ ಮೇಲೆ ಹುಲ್ಲು ಬೇರು ಬಿಟ್ರೆ, ಆ ಬೇರು ಹಿಡ್ಕಂಡೇ ನೀರು ಇಳೀತದೆ."

ಇನ್ನೊಂದು ಗುಣವೂ ಇದಕ್ಕಿದೆ. ಸೋಡಿಯಂ ಹೆಚ್ಚಿರುವ ಜೇಡಿ ನೆನೆದಾಗ ಅದರ ಕಣಗಳು ಬಿಡಿಬಿಡಿಯಾಗಿ ಹರಡಿ ಸಣ್ಣ ಸಣ್ಣ ಸಂದುಗಳನ್ನೆಲ್ಲ ಮುಚ್ಚುತ್ತವೆ. ಮೊದಲ ಮಳೆಯೇ ಮಾಳಿಗೆಯನ್ನು ಬಿಗಿ ಮಾಡುತ್ತದೆ, ಮಿಕ್ಕ ನೀರು ಮಾಳಿಗೆಯಂಚಿನ ದೋಣಿಯಿಂದ, ಅಂದರೆ ನೀರು ಹೋಗುವ ಕೊಳವೆಯಿಂದ, ಬೀದಿಗೆ ಬೀಳುತ್ತದೆ. ಬೆಳೆ ಬಾರದ ನೆಲವನ್ನು ತಲೆ ಮೇಲೆ ಹೊದ್ದುಕೊಂಡವರ ತಿಳಿವಳಿಕೆ ದೊಡ್ಡದು.

ಮಾಳಿಗೆಯ ಬೆಳಕಿಂಡಿಯಾದ ಗವಾಕ್ಷಿಯ ಪಕ್ಕ ಒಂದು ಕಡೆ ಮಣ್ಣು ಕುಸಿದಿತ್ತು. ಅದನ್ನು ಬಿಚ್ಚಿದಾಗ ಮನೆಯ ಒಳಗುಟ್ಟೆಲ್ಲ ಕಾಣಿಸಿತು. ಕೆಳಗೆ ತೊಲೆ, ಅದರ ಮೇಲೆ ಅಡ್ಡಡ್ಡ ಜಂತೆ ಅನ್ನುವ ಸಣ್ಣ ಮರಗಳು, ಜಂತೆ ಮೇಲೆ ಒತ್ತಾಗಿ ಹಾಸಿದ ಸೀಳು ದಬ್ಬೆ, ಆಮೇಲೆ ‘ಬಂದರೆ’ ಅನ್ನುವ ಕಾಡುಗಿಡದ ಸೊಪ್ಪು. ಎಲೆ ಪುಡಿಪುಡಿಯಾಗಿದ್ದರೂ ಕಡ್ಡಿ ಗಟ್ಟಿಯಾಗಿಯೇ ಇತ್ತು. ಬಂದರೆಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲವಂತೆ. ಇಷ್ಟರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಆ ಭಾರ ಹೊರಬೇಕೆಂದೇ ಅಂಕಣಗಳು ಚಿಕ್ಕವು. ಕಂಬದ ತಲೆ ಮೇಲೆ ಎರಡೂ ಕಡೆ ಕೈಚಾಚಿದ ಬೋದಿಗೆ ಇದೆ, ತೊಲೆ ಆಧಾರವಿಲ್ಲದೆ ಹಾಯಬೇಕಾದ ದೂರವನ್ನು ಅದು ಕಡಿಮೆ ಮಾಡುತ್ತದೆ. ಚಿಕ್ಕಂದಿನಲ್ಲಿ ಅದರ ಹೂಬಳ್ಳಿ ಕೆತ್ತನೆ ಮಾತ್ರ ನೋಡುತ್ತಿದ್ದೆ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹೆಂಚು ಎಲ್ಲೆಲ್ಲೂ ಹರಡಿತು. ಆದರೆ ಜಡಿಮಳೆಯ ಸೀಮೆಗೆ ಬೇಕಾದ ಹೆಂಚಿನ ಮಾಡಿನ ಇಳಿಜಾರು ಮಳೆ ಕಮ್ಮಿಯಿರುವ ಮಧುಗಿರಿ, ಪಾವಗಡ, ಶಿರಾದ ಕಡೆಗೆ ಅಷ್ಟು ಬೇಕಿರಲಿಲ್ಲ. ನಮಗೆ ಬೇಕಿದ್ದದ್ದು ಬಿಸಿಲನ್ನು ತಡೆಯುವ ದಪ್ಪ, ಹುಣಸೆಹಣ್ಣು ಒಣಗಿಸಲು, ಬೇಸಿಗೆ ರಾತ್ರಿ ಮಲಗಲು ಒಂದು ಸಮತಟ್ಟು.

ಅದೇ ಬೀದಿಯ ಇನ್ನೊಂದು ಮನೆಯಲ್ಲಿ ಪ್ರತಿವರ್ಷದ ಕಷ್ಟ ತಪ್ಪಲೆಂದು ಮಾಳಿಗೆಗೆ ಸಿಮೆಂಟ್ ಬಳಿಸಿದ್ದರು. ಮಣ್ಣು ಬಿಸಿಲಿಗೆ ಮಳೆಗೆ ಕುಗ್ಗಿ ಹಿಗ್ಗುತ್ತದೆ, ಸಿಮೆಂಟ್ ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರಿಗೆ ಆರಲು ದಾರಿಯಿಲ್ಲದೆ ಜಂತೆಗಳೆಲ್ಲ ಕೊಳೆತಿವೆ. ಒಳಗೆ ನಿಂತು ನೋಡಿದಾಗ ಹೊಟ್ಟೆ ಉರಿಯಿತು. ಹಳೆ ಮನೆಗೆ ದುಡ್ಡು ಹಾಕುವವರು ಮೊದಲು ಅದನ್ನು ಕಟ್ಟಿದ ಬಗೆ ತಿಳಿದುಕೊಳ್ಳಲೇಬೇಕು.

ಮಾವನ ಮಗ ಆರ್‌ಸಿಸಿ ಮನೆ ಕಟ್ಟಬೇಕು ಅನ್ನುತ್ತಿದ್ದಾನೆ. ಅವನ ಆಸೆಯೂ ನ್ಯಾಯವೇ. ಹಿತ್ತಲಲ್ಲಿ ಜಾಗವಿದೆ, ಅಲ್ಲೇ ಕಟ್ಟಲಿ ಅಂತ ಮಾತಾಯಿತು. ಬಡಗಣ ಅಂಕಣದ ತೊಲೆಯೊಂದು ಸೀಳಿದೆ. ಸದ್ಯಕ್ಕೆ ಆಸರೆ ಕೊಟ್ಟಿದ್ದೇವೆ. ಸುಗ್ಗಿ ಮುಗಿದ ಮೇಲೆ ಬದಲಾಯಿಸಬೇಕು. ಮರದ ಖರ್ಚಿನಲ್ಲಿ ಅರ್ಧ ನನ್ನದು.