ಕನಾಲ್ ದು ಮಿದಿ, ಮೂರನೆಯ ಕಂತು: ತ್ರೆಬ್‌ನಿಂದ ಲ ಸೊಮಾಯ್

ದಕ್ಷಿಣ ಫ್ರಾನ್ಸಿನ ಕನಾಲ್ ದು ಮಿದಿ ಕಾಲುವೆಯಲ್ಲಿ ವರ್ಷಕ್ಕೊಂದು ಕಂತಿನಂತೆ ದೋಣಿಯಲ್ಲಿ ಸಾಗುತ್ತಿದ್ದೇವೆ: ಮೊದಲ ವರ್ಷ ಟೂಲೂಸ್‌ನಿಂದ ಕಾಸ್ತೆಲ್ನೊದಾರಿ, ಕಳೆದ ವರ್ಷ ಅಲ್ಲಿಂದ ತ್ರೆಬ್. ಈ ಸೆಪ್ಟೆಂಬರಿನಲ್ಲಿ ಬಾಡಿಗೆ ದೋಣಿಯಲ್ಲಿ ನಾಲ್ಕು ದಿನ, ಸುಮಾರು 48 ಕಿಲೋಮೀಟರ್. ಕಾಲುವೆಯ ಒಟ್ಟು ಉದ್ದ 240 ಕಿಲೋಮೀಟರ್. ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್ ಇರುವುದರಿಂದ ದಂಡೆಯ ಮೇಲೆ ಸೈಕಲ್ ತುಳಿಯುವ ಅಜ್ಜಿಯರು ನಮಗೆ ಕೈಬೀಸಿ ಮುಂದೆ ಹೋಗುತ್ತಾರೆ.

ಈ ಸಲ ಭಾವಮೈದುನ ಜೊತೆಗಿದ್ದ. ಲಾಕ್ ಎಂದರೆ ನೀರು ತುಂಬಿಸಿ, ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ, ಬಾಗಿಲಿರುವ ತೊಟ್ಟಿ. ತ್ರೆಬ್‌ನ ಲಾಕಿನಲ್ಲಿ ಮೂರು ತೊಟ್ಟಿಗಳು ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದಿವೆ. ಇಳಿಯುವಾಗ ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಕೈಯಲ್ಲೇ ಹಿಡಿದು, ನೀರು ತಗ್ಗಿದಂತೆ ಸಡಿಲ ಬಿಡುತ್ತಾ ಹೋಗಬೇಕು. ಇವನು ಎತ್ತು ಕಟ್ಟುವವನಂತೆ ಬಿಗಿಯಾಗಿ ಗಂಟು ಹಾಕಿ ಫೋಟೊ ತೆಗೆಯಲು ಹೋದ. ನೀರು ಒಂದು ಮೊಳ ಇಳಿಯುವಷ್ಟರಲ್ಲಿ ದೋಣಿಯ ಮೂತಿ ಮೇಲೆಯೇ ನೇತುಬಿದ್ದು, ಒಲೆಯ ಮೇಲಿದ್ದ ಸಾರು ನೆಲದ ಪಾಲಾಯಿತು. ಲಾಕ್ ಕಾಯುವಾತ ಓಡಿ ಬಂದು ನೀರು ನಿಲ್ಲಿಸಿ, ಮೇಲಿನ ತೂಬು ತೆರೆದು, ಮತ್ತೆ ಒಂದಿಷ್ಟು ತುಂಬಿಸಿದ ಮೇಲೆಯೇ ಗಂಟು ಬಿಚ್ಚಲು ಬಂದದ್ದು. ಆತ ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಇಲ್ಲಿನ ತೊಟ್ಟಿಗಳ ಹೊಟ್ಟೆ ಉಬ್ಬಿರುತ್ತದೆ: ಬಾಗಿಲ ಬಳಿ ಸುಮಾರು 6 ಮೀಟರ್ ಅಗಲ, ನಡುವೆ 11. ಕಾಲುವೆ ಕಟ್ಟಿಸಿದ ಪಿಯೇರ್ ಪೋಲ್ ರಿಕೆ ಮೊದಮೊದಲು ನೇರ ಗೋಡೆಗಳನ್ನೇ ಎಬ್ಬಿಸಿದ್ದ. ಒಂದು ಕುಸಿದ ಮೇಲೆ ಮಣ್ಣಿನ ಒತ್ತಡ ತಡೆಯಲೆಂದು ಕಮಾನಿನಂತೆ ಬಾಗಿಸಿದ. ಗೋಡೆಗೇನೋ ಒಳ್ಳೆಯದಾಯಿತು. ನೆಟ್ಟಗಿನ ದೋಣಿಯನ್ನು ಬಾಗಿದ ಗೋಡೆಗೆ ಒರಗಿಸುವುದು ಮಾತ್ರ ಮೂರನೆಯ ವರ್ಷವೂ ನನಗೆ ಕೈಹತ್ತಿಲ್ಲ.

ತ್ರೆಬ್ ದಾಟಿದರೆ ಬಿಸಿಲು. ದಂಡೆಗೆ ನೆರಳು ಕೊಡುತ್ತಿದ್ದ ಪ್ಲೇನ್ ಎಂಬ ಜಾತಿಯ ಮರಗಳಿಗೆ ಶಿಲೀಂಧ್ರ ರೋಗ ತಗುಲಿರುವುದು 2006ರಲ್ಲಿ ಗೊತ್ತಾಯಿತು. ಅಂದಿನಿಂದ ಸಾವಿರಾರು ಮರಗಳನ್ನು ಕಡಿದಿದ್ದಾರೆ. ಹೊಸ ಸಸಿಗಳು ನೆರಳು ಕೊಡುವ ಹೊತ್ತಿಗೆ ನಾವು ದೋಣಿ ಹತ್ತುವ ಸ್ಥಿತಿಯಲ್ಲಿರುವುದಿಲ್ಲ.

ಎರಡನೆಯ ದಿನ ಲ ರೆದೋರ್ತ್. ಊರಿನ ಪಕ್ಕದಲ್ಲೇ ಆರ್ಜಾಂ ದೂಬ್ಲ್ ಎಂಬ ಹೊಳೆ. ಕಾಲುವೆಯಲ್ಲಿ ನೀರು ಹೆಚ್ಚಾದರೆ 11 ಕಲ್ಲಿನ ಕಮಾನುಗಳ ಕೆಳಗಿನಿಂದ ತಾನಾಗಿಯೇ ಉಕ್ಕಿ ಆ ಹೊಳೆಗೆ ಬೀಳುತ್ತದೆ; ಕಮಾನುಗಳ ಮೇಲೆ ಜನ ನಡೆಯುವ ದಾರಿ. ಬಾಗಿಲಿಲ್ಲ, ಯಂತ್ರವಿಲ್ಲ. ಥೇಟ್ ನಮ್ಮೂರ ಕೆರೆಯ ಕೋಡಿ! ರಿಕೆ ತೀರಿಕೊಂಡ ಮೇಲೆ ಸೈನ್ಯದ ಎಂಜಿನಿಯರ್ ವೊಬಾನ್‌ನ ಯೋಜನೆಯಂತೆ ಇದನ್ನು ಕಟ್ಟಿದರು. ಕಲ್ಲಿನ ಅಂಚು ಸವೆದು ನುಣುಪಾಗಿದೆ. ಅದರ ಮೇಲೆ ನೀರು ಎಳೆಯಾಗಿ ಜಾರುವುದನ್ನು ನೋಡುತ್ತಾ ಒಂದು ಗಂಟೆ ಕುಳಿತೆ. "ಇಲ್ಲಿ ಬಾಗಿನ ಕೊಡುವವರು ಯಾರು?" ಎಂದಳು ಹೆಂಡತಿ.

ಓಂಪ್ಸ್‌ನಲ್ಲಿ ರಾತ್ರಿ ತಂಗಿ ನೀರು ತುಂಬಿಸಿಕೊಂಡೆವು, ಅಷ್ಟೆ. ಆರ್ಜಾನ್ಸ್ ಲಾಕಿಗೆ ಬಂದಾಗ ಊಟದ ಹೊತ್ತು. ಒಂದು ಗಂಟೆ ಬಾಗಿಲು ಬಂದ್. ನಾವೂ ಚಿತ್ರಾನ್ನ ಬಿಚ್ಚಿದೆವು. ಇದಾದ ಮೇಲೆ ಬೆಜಿಯೇ ಹತ್ತಿರದ ಫೋನ್ಸೆರಾನ್ ಬರುವವರೆಗೆ, 54 ಕಿಲೋಮೀಟರ್, ಒಂದೂ ಲಾಕ್ ಇಲ್ಲ. ಭಾವಮೈದುನನಿಗೆ ಧೈರ್ಯವಾಗಿ ಚುಕ್ಕಾಣಿ ಕೊಟ್ಟೆ.

ಲ ಸೊಮಾಯ್ ಚಿಕ್ಕ ಊರು. ಗೂನು ಬೆನ್ನಿನ ಹಳೆಯ ಸೇತುವೆ, ನೀರಿನಂಚಿಗೆ ಮನೆಗಳ ಸಾಲು, ಊರಿನ ಅಳತೆಗೆ ಮೀರಿದ ಹಳೆ ಪುಸ್ತಕದಂಗಡಿ. ಅಲ್ಲಿ ಕೊಂಡ ಎರಡು ನಕ್ಷೆ ಈಗ ಗೋಡೆ ಮೇಲಿವೆ.

ಮುಂದಿನ ಕಂತಿನಲ್ಲಿ ಕಾಪೆಸ್ತಾಂಗ್‌ನ ತಗ್ಗು ಸೇತುವೆ ಇದೆ. ದೋಣಿ ಕಾಯ್ದಿರಿಸುವ ಮೊದಲು ಅದರ ಎತ್ತರ ಕೇಳಿಕೊಳ್ಳಬೇಕು.