ಐಸ್ ಸ್ಟೋರಿನ ಪೆಟ್ಟು, ಡೆಕ್ಕಿನ ಪೆಟ್ಟು

ಎಪ್ರಿಲ್ ಮಧ್ಯಾಹ್ನ ಮಲ್ಪೆ ದಕ್ಕೆಯಲ್ಲಿ ಕಟ್ಟಿದ ಒಂದೇ ಫೈಬರ್ ಬೋಟಿನಲ್ಲಿ ಎರಡು ಹವೆ. ಗಾಢ ನೀಲಿ ಬಣ್ಣದ ಡೆಕ್ 60 ಡಿಗ್ರಿ ದಾಟಿರುತ್ತದೆ, ಅದರ ಕೆಳಗೆ ಐಸ್ ತುಂಬಿದ ಮೀನಿನ ಸ್ಟೋರಿನ ಗೋಡೆ 0 ಡಿಗ್ರಿಯ ಹತ್ತಿರ. ಎರಡೂ ಕಡೆ ಅದೇ ಗ್ಲಾಸ್ ಮ್ಯಾಟ್ (ಗಾಜಿನ ಎಳೆಗಳ ಹಾಸು), ಅದೇ ಪಾಲಿಯೆಸ್ಟರ್ ರೆಸಿನ್ (ಎಳೆಗಳನ್ನು ಹಿಡಿದಿಡುವ ಅಂಟು). ಪೆಟ್ಟು ಒಂದೇ ತೂಕದ್ದಾದರೂ ಹಾನಿ ಮಾತ್ರ ಬೇರೆ ಬೇರೆ.

ರಿಪೇರಿಗೆ ಬಂದವರು ಮೊದಲು ನೋಡುವುದು ಕುಳಿ ಎಷ್ಟು ಆಳ ಎಂದು. ಈ ಲೆಕ್ಕ ತಣ್ಣಗಿನ ಜಾಗದಲ್ಲಿ ಕೈಕೊಡುತ್ತದೆ. ತಂಪಿನಲ್ಲಿ ರೆಸಿನ್ ಬಿರುಸಾಗಿರುತ್ತದೆ. ಪೆಟ್ಟಿಗೆ ಬಗ್ಗಿ ಕೊಡುವ ಬದಲು ಸೀಳುತ್ತದೆ, ಸೀಳು ಪದರ ಪದರದ ನಡುವೆ ಓಡುತ್ತದೆ. ಮೇಲ್ಮೈ ವಾಪಸ್ ಪುಟಿದು ನಿಲ್ಲುವುದರಿಂದ ಹೊರಗೆ ಬೆರಳುಗುರಿನಷ್ಟೇ ಗುರುತು, ಒಳಗೆ ಅಂಗೈಯಗಲ ಪದರ ಬಿಟ್ಟಿರಬಹುದು. ಜೊತೆಗೆ ರೆಸಿನ್ ಗಾಜಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. 30 ಡಿಗ್ರಿ ಇಳಿದರೆ ಒಂದು ಮೀಟರ್ ರೆಸಿನ್ ಸುಮಾರು 2 ಮಿಲಿಮೀಟರ್ ಕುಗ್ಗಲು ನೋಡುತ್ತದೆ, ಗಾಜಿನ ಎಳೆ 0.15 ಮಿಲಿಮೀಟರ್ ಮಾತ್ರ. ಅಂದರೆ ಪೆಟ್ಟು ಬೀಳುವ ಮೊದಲೇ ರೆಸಿನ್ ಎಳೆತದಲ್ಲಿದೆ.

ಬಿಸಿಯಲ್ಲಿ ಇದು ತಲೆಕೆಳಗು. ಸಾಮಾನ್ಯ ಪಾಲಿಯೆಸ್ಟರ್ 60ರಿಂದ 80 ಡಿಗ್ರಿಯೊಳಗೆ ಮೆದುವಾಗತೊಡಗುತ್ತದೆ. ನೀರು ಕುಡಿದಿದ್ದರೆ ಇನ್ನೂ ಬೇಗ. ಕುಳಿ ಆಳವಾಗಿ ಹಾಗೇ ಉಳಿಯುತ್ತದೆ, ಅದರಡಿ ಎಳೆಗಳೂ ಮುರಿದಿರಬಹುದು, ಆದರೆ ಸೀಳು ದೂರ ಹರಡುವುದಿಲ್ಲ. ನೋಡಿದರೆ ಗಾಬರಿ ಹುಟ್ಟಿಸುವ ಈ ಪೆಟ್ಟು ಎಷ್ಟೋ ಸಲ ರಿಪೇರಿಗೆ ಸುಲಭ. ಹಾಗೆಂದು ಬಿಸಿಯನ್ನು ನಂಬುವ ಹಾಗಿಲ್ಲ: ಪೆಟ್ಟು ತಿಂದ ಭಾಗದ ಮೇಲೆ ಬಿಸಿಲಲ್ಲಿ ಒತ್ತುವ ಭಾರ ಬಂದರೆ, ಮೆದು ರೆಸಿನ್ ಎಳೆಗಳನ್ನು ನೆಟ್ಟಗೆ ಹಿಡಿದಿಡಲಾರದೆ ಅವು ಬಾಗಿ ಮುರಿಯುತ್ತವೆ.

ಲ್ಯಾಬಿನಲ್ಲಿ ಪೆಟ್ಟಿನ ಹಾನಿಯನ್ನು ಅಳೆಯಲು ಬಳಸುವ ಪರೀಕ್ಷಾ ಮಾನದಂಡ ಎಎಸ್‌ಟಿಎಂ ಡಿ7136. 100×150 ಮಿಲಿಮೀಟರ್ ಫೈಬರ್ ಹಲಗೆ, 16 ಮಿಲಿಮೀಟರ್ ವ್ಯಾಸದ ಗುಂಡುತುದಿ, 5.5 ಕೆಜಿ ಭಾರ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 6.7 ಜೂಲ್. 5 ಮಿಲಿಮೀಟರ್ ಹಲಗೆಗೆ 33.5 ಜೂಲ್, ಅಂದರೆ ಸುಮಾರು 62 ಸೆಂಟಿಮೀಟರ್ ಎತ್ತರದಿಂದ ಬಿಡುವುದು. ತಂಪಿನ ಪರೀಕ್ಷೆ ಹಾಳಾಗುವುದು ಹಲಗೆಯನ್ನು ಫ್ರೀಜರಿನಿಂದ ತೆಗೆದು ಯಂತ್ರಕ್ಕೆ ಬಿಗಿಯುವಷ್ಟರಲ್ಲಿ. ತೆಳು ಹಲಗೆ ಅಷ್ಟರಲ್ಲೇ ಬಿಸಿಯೇರಿರುತ್ತದೆ. ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಹಲಗೆಗೇ ಅಂಟಿರಬೇಕು, ಪೆಟ್ಟು ಕೋಲ್ಡ್ ಛೇಂಬರಿನ ಒಳಗೇ ಬೀಳಬೇಕು. ಹೋಲಿಕೆಗೆ ಹೇಳುವುದಾದರೆ, 25 ಕೆಜಿಯ ಐಸ್ ತುಂಡು ಅರ್ಧ ಮೀಟರ್ ಜಾರಿ ಬಿದ್ದರೆ 120 ಜೂಲ್ ದಾಟುತ್ತದೆ. ಚಪ್ಪಟೆ ಬದಿ ತಾಗಿದರೆ ಹೆಚ್ಚೇನೂ ಆಗದೆ ಹೋಗಬಹುದು, ಮೂಲೆ ತಾಗಿದರೆ ಮಾತ್ರ ಗೋಡೆ ಉಳಿಯುವುದು ಕಷ್ಟ.

ಸ್ಟೋರಿನ ಗೋಡೆಯನ್ನು ಐಸ್ ತೆಗೆದು, ತೊಳೆದು, ಒಣಗಿಸಿಯೇ ನೋಡಬೇಕು. ನಾಣ್ಯದಿಂದ ತಟ್ಟಿದರೆ ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಡಬ್. ಆದರೆ ಹಿಂದೆ ತಂಪು ಹಿಡಿದಿಡುವ ಪಫ್ ಫೋಮ್ ಇದ್ದರೆ ಎಲ್ಲ ಕಡೆ ಡಬ್ಬೇ. ಅಲ್ಲಿ ಪಕ್ಕದ ಜಾಗದ ಸದ್ದಿಗೆ ಹೋಲಿಸಿ ವ್ಯತ್ಯಾಸ ಹಿಡಿಯಬೇಕು. ಬಣ್ಣ, ಜೆಲ್‌ಕೋಟ್ (ಮೇಲಿನ ಹೊಳಪು ರೆಸಿನ್ ಲೇಪ) ಇಲ್ಲದ ಬರಿ ಮ್ಯಾಟ್-ರೆಸಿನ್ ಪದರಕ್ಕೆ ಹಿಂದಿನಿಂದ ಟಾರ್ಚ್ ಹಾಕಿದರೆ ಪದರ ಬಿಟ್ಟ ಭಾಗ ಬೇರೆಯಾಗಿಯೇ ಕಾಣುತ್ತದೆ. ಸಿಕ್ಕ ಅಂಚಿಗೆ ಪೆನ್ಸಿಲ್ ಗೆರೆ ಎಳೆದಿಟ್ಟು ಕೆಲಸ ಶುರುಮಾಡಿ.

ಇನ್ನು ರಿಪೇರಿ. ಇದು ಹೆಚ್ಚಾಗಿ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳಲ್ಲಿ, ಅಂದರೆ ಸುರಿವ ಮಳೆಯಲ್ಲೇ. ಹಾಳಾದದ್ದನ್ನು ಗ್ರೈಂಡ್ ಮಾಡಿ, ಅಂಚಿಗೆ ದಪ್ಪದ 12 ಪಟ್ಟು ಅಗಲದ ಇಳಿಜಾರು ಕೊಡಿ: 6 ಮಿಲಿಮೀಟರ್ ದಪ್ಪಕ್ಕೆ 72 ಮಿಲಿಮೀಟರ್. ಮ್ಯಾಟ್ 1 ಕೆಜಿಗೆ ರೆಸಿನ್ 2ರಿಂದ 2.5 ಕೆಜಿ. ರೆಸಿನನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟ್, ರೆಸಿನಿನ ತೂಕದ 1ರಿಂದ 2 ಶೇಕಡಾ. ತಣ್ಣಗಿದೆ, ಬೇಗ ಗಟ್ಟಿಯಾಗಲಿ ಎಂದು ಇನ್ನೂ ಸುರಿದರೆ ದಪ್ಪ ಪದರ ಒಳಗೇ ಕಾದು, ಕುಗ್ಗಿ, ಬಿರುಕು ಬಿಡುತ್ತದೆ. 1ಕ್ಕಿಂತ ಕಡಿಮೆಯಾದರೆ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಗಟ್ಟಿಯಾಗುವುದಕ್ಕೆ ವೇಗ ಕೊಡುವ ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರ ಸೇರಿಸಲೇಬೇಡಿ, ಸಿಡಿಯುತ್ತದೆ. ಕೋಬಾಲ್ಟ್ ಮೊದಲು ರೆಸಿನಿಗೆ ಹೋಗಿ ಚೆನ್ನಾಗಿ ಕದಡಿದ ಮೇಲೇ ಕ್ಯಾಟಲಿಸ್ಟ್.

ತೇಪೆ ಹಾಕಿದ ಮರುದಿನವೇ ಐಸ್ ತುಂಬಬೇಡಿ. ರೆಸಿನ್ ಮುಟ್ಟಲು ಗಟ್ಟಿಯಿದ್ದರೂ ಒಳಗೆ ಕ್ರಿಯೆ ನಡೆಯುತ್ತಿರುತ್ತದೆ, ತಂಪು ಅದನ್ನು ಅರ್ಧಕ್ಕೇ ನಿಲ್ಲಿಸುತ್ತದೆ. ಒಂದು ದಿನ ಬಿಟ್ಟು, ಹ್ಯಾಲೊಜನ್ ದೀಪದಿಂದ 60 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ. ಅಂಗೈ ಹಿಡಿದು ಅಂದಾಜು ಮಾಡುವುದು ಬೇಡ, ಹಿಂದೆ ಪಫ್ ಇದ್ದರೆ ಬಿಸಿ ಅಲ್ಲೇ ಸಿಕ್ಕಿಕೊಂಡು 90ಕ್ಕೆ ಏರಿಬಿಡಬಹುದು. ತೇಪೆಯ ಮಧ್ಯಕ್ಕೆ ಥರ್ಮಾಮೀಟರ್ ಅಂಟಿಸಿ, ದೀಪವನ್ನು ಹಿಂದೆ ಮುಂದೆ ಸರಿಸುತ್ತಿರಿ.